ಸಿನಿಮಾ ನೋಡಿ ಬಂದ ಮಗುವಿಗೆ ಗಾಳಿ ಸೋಕುತ್ತದೆಯೇ?

ಪ್ರಶ್ನೆ: ದೆವ್ವ ಹಿಡಿದ ಹುಡುಗಿಯ ಕಥೆ, ಆದರೆ ಮನೆಮಂದಿಯೆಲ್ಲ ನೋಡಬಹುದು ಅಂತ ಕೇಳಿ ಸೆಕೆಂಡ್ ಶೋಗೆ ಹೋಗಿದ್ದೆವು. ಆಮೇಲಿಂದ ಆರು ವರ್ಷದ ಮಗ ಮಲಗಿದ ಸ್ವಲ್ಪ ಹೊತ್ತಿಗೇ ಎದ್ದು ಕೂತು ಕಿರುಚುತ್ತಾನೆ. ಕಣ್ಣು ಬಿಟ್ಟಿರುತ್ತಾನೆ, ನನ್ನ ಗುರುತೇ ಹಿಡಿಯುವುದಿಲ್ಲ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಗಾಳಿ ಸೋಕಿದೆ ಅಂತಾರೆ ನಮ್ಮತ್ತೆ. ಹೌದಾ?
– ಗಂಗಾವತಿಯ ತಾಯಿಯೊಬ್ಬರು

ಇಲ್ಲ ಅಕ್ಕಾ. ನೀವು ಹೇಳಿದ್ದನ್ನು ನೋಡಿದರೆ ಇದು ಡಾಕ್ಟರುಗಳು ನೈಟ್ ಟೆರರ್ ಎನ್ನುವ ನಿದ್ದೆಯ ತೊಂದರೆ. 3ರಿಂದ 12 ವರ್ಷದ ಮಕ್ಕಳಲ್ಲಿ ಜಾಸ್ತಿ. ಮಲಗಿದ ಒಂದೆರಡು ಗಂಟೆಯಲ್ಲಿ, ಗಾಢ ನಿದ್ದೆಯ ನಡುವೆ ಮೆದುಳು ಅರ್ಧಂಬರ್ಧ ಎಚ್ಚರವಾಗುತ್ತದೆ. ಕಿರುಚುವುದಕ್ಕೆ, ಎದ್ದು ಓಡುವುದಕ್ಕೆ ಆಗುತ್ತದೆ. ಅಮ್ಮನನ್ನು ಗುರುತಿಸುವುದಕ್ಕೆ ಆಗುವುದಿಲ್ಲ. ಕೆಟ್ಟ ಕನಸು ಬೇರೆ. ಅದು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆ ಬೀಳುತ್ತದೆ. ಮಗು ಪೂರ್ತಿ ಎದ್ದು, ಅಪ್ಪಿಕೊಂಡು ಅಳುತ್ತದೆ, ಕಂಡದ್ದನ್ನು ಹೇಳುತ್ತದೆ.

ಈಗ ಆ ಸಿನಿಮಾ ನೆನಪಿಸಿಕೊಳ್ಳಿ. ಮಗುವಿಗೆ ದೆವ್ವ ಹಿಡಿದಿದೆ ಅಂತ ಇಂಥ ಸಿನಿಮಾಗಳಲ್ಲಿ ಹೇಗೆ ತೋರಿಸುತ್ತಾರೆ? ನಡುರಾತ್ರಿ ಎದ್ದು ಕೂರುತ್ತದೆ. ಕಣ್ಣು ತೆರೆದಿದೆ, ತಾಯಿ ಕರೆದರೆ ಓಗೊಡುವುದಿಲ್ಲ. ನೈಟ್ ಟೆರರ್ ಬಂದ ಮಗು ಕಾಣುವುದೂ ಹಾಗೇ, ಅಲ್ವಾ? ಪರದೆಯ ಮೇಲೆ ಕಂಡದ್ದೇ ಮನೆಯಲ್ಲಿ ಕಂಡರೆ ಎಂಥ ತಾಯಿಯ ಎದೆಯಾದರೂ ಒಡೆಯುತ್ತದೆ. ಮಗನಿಗಂತೂ ಅದು ನೆನಪೇ ಇಲ್ಲ. ಹೆದರಿಕೆ ಉಳಿದಿರುವುದು ನಿಮ್ಮಲ್ಲಿ.

ಸಿನಿಮಾದ ಪಾಲು ಇಲ್ಲವೆನ್ನಲಾರೆ. ಮನಸ್ಸು ಕಲಕಿದರೂ ಹೀಗಾಗುತ್ತದೆ. ಆದರೆ ನನಗೆ ಜಾಸ್ತಿ ಅನುಮಾನ ಸೆಕೆಂಡ್ ಶೋ ಮೇಲೆ. ನಿದ್ದೆಗೆಡುವುದು, ಜ್ವರ, ಹೊಸ ಜಾಗದಲ್ಲಿ ಮಲಗುವುದು, ಇವೆಲ್ಲ ಇದನ್ನು ಕೆರಳಿಸುತ್ತವೆ. ಒಂದಷ್ಟು ದಿನ ಬೇಗ, ದಿನಾ ಒಂದೇ ಹೊತ್ತಿಗೆ ಮಲಗಿಸಿ ನೋಡಿ.

ಕಿರುಚುವಾಗ ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಗಾಬರಿ ಹೆಚ್ಚಾಗುತ್ತದೆ. ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿ ಕೂತಿರಿ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತಾನೆ. ಇನ್ನೊಂದು ಮುಖ್ಯ ಮಾತು: ನಮ್ಮ ಕಡೆ ಬೇಸಿಗೆಯ ಸೆಕೆಗೆ ಮಾಳಿಗೆ ಮೇಲೆ ಮಲಗುತ್ತೇವೆ. ಇದು ಪೂರ್ತಿ ನಿಲ್ಲುವವರೆಗೂ ಅವನನ್ನು ಅಲ್ಲಿ ಮಲಗಿಸಲೇಬೇಡಿ.

ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರೆ ತೆಗೆಯಲಿ. ಮೊಮ್ಮಗನ ಮೇಲಿನ ಪ್ರೀತಿ ಅದು. ಆದರೆ ಗಾಳಿ ಬಿಡಿಸುತ್ತೇನೆಂದು ಹೊಡೆಯುವವರ, ಹೊಗೆ ಹಾಕುವವರ ಹತ್ತಿರ ಮಾತ್ರ ಹೋಗಬೇಡಿ. ದೆವ್ವ ಬಿಡಿಸುವ ಹೆಸರಲ್ಲಿ ಹಿಂಸೆ ಕೊಡುವುದು ನಮ್ಮ ರಾಜ್ಯದ 2017ರ ಕಾಯ್ದೆ ಪ್ರಕಾರ ಅಪರಾಧ.

ಕೈಕಾಲು ಸೆಟೆದು ಅದುರಿದರೆ, ಒಂದೇ ರಾತ್ರಿ ಮತ್ತೆ ಮತ್ತೆ ಬಂದರೆ, ಗೊರಕೆ ಜೋರಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಫಿಟ್ಸ್ ಕೂಡ ಹೀಗೆ ಕಾಣಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ಅವರಿಗೆ ಬೇಗ ಗೊತ್ತಾಗುತ್ತದೆ. ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗಬಹುದು. ನಿಮಗೇ ಧೈರ್ಯ ಸಾಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಮುಂದಿನ ಸಲ ಸಿನಿಮಾಕ್ಕೆ ಹೊರಟಾಗ ಸರ್ಟಿಫಿಕೇಟ್ ನೋಡಿ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯ ನಂತರ ಯುಎ ಎಂಬುದು 7+, 13+, 16+ ಎಂದು ಮೂರಾಗಿದೆ. ಎ ಸಿನಿಮಾಕ್ಕೆ ಮಕ್ಕಳನ್ನು ಬಿಡುವಂತಿಲ್ಲ. ಯುಎ ಆದರೆ ತೀರ್ಮಾನ ನಿಮ್ಮದೇ. 7+ ಅಂತಿದ್ದರೂ ನಿಮ್ಮ ಮಗನಿಗೆ ಇನ್ನೂ ಆರು. ಅವನಿಗೆ ಒಪ್ಪುವಂಥದ್ದನ್ನು ಆರಿಸಿ, ಮ್ಯಾಟಿನಿಗೆ ಹೋಗಿ.