ಉಸಿರಿಗೆ ಬಂದಿರೋದು, ಊಟಕ್ಕಲ್ಲ

ಶಿವರಾತ್ರಿ ಕಳೆದ ಮೇಲಿನ ವೀಕೆಂಡು ನಾವು ಏಳು ಜನ ಎರಡು ಕಾರಲ್ಲಿ ಬೆಂಗ್ಳೂರಿಂದ ಸೂಳೆಕೆರೆಗೆ ಹೊರಟಿದ್ವಿ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಲ್ಲಿದೆಯಲ್ಲ, ಬೋರ್ಡಲ್ಲಿ ಶಾಂತಿಸಾಗರ ಅಂತ ಬರೆದಿರ್ತಾರೆ, ಅದೇ. 12ನೇ ಶತಮಾನದಲ್ಲಿ ಶಾಂತವ್ವ ಕಟ್ಟಿಸಿದ್ಲು ಅನ್ನೋ ಕತೆ ಆ ಸೀಮೇಲಿ ಎಲ್ರಿಗೂ ಬಾಯಿಪಾಠ. ತುಂಬಿದ್ರೆ ಆರು ಸಾವಿರ ಎಕರೆ ದಾಟೋ ಕೆರೆ, ಏರಿ ಮೇಲೆ ನಿಂತ್ರೆ ಆಚೆ ದಡ ಸರಿಯಾಗಿ ಕಾಣಲ್ಲ. ನಮ್ಮಲ್ಲೊಬ್ಬನ ಮಾವಂದು ಕೆರೆ ಪಕ್ಕದಲ್ಲೇ ಅಡಿಕೆ ತೋಟ, ಟೆಂಟ್ ಅಲ್ಲೇ. ಮೀನು ಹಿಡಿಯೋ ಹಕ್ಕು ಟೆಂಡರ್ ಆಗಿರುತ್ತೆ ಅಂತ ಗೊತ್ತಿದ್ರಿಂದ ಮೊದ್ಲೇ ಹೋಗಿ ಕೇಳ್ಕೊಂಡ್ವಿ, ಗಾಳ ಹಾಕ್ಕೊಳ್ಳಿ ಆದ್ರೆ ಬಲೆ ಬೇಡ ಅಂದ್ರು.

ಗಾಳ ಅಂದ್ರೆ ನಮ್ಮದೇನು ಸಾಮಾನ್ಯದ್ದಲ್ಲ. ಆನ್‌ಲೈನಲ್ಲಿ ತರಿಸಿದ ರಾಡು, ರೀಲು, ಥಳಥಳ ಅನ್ನೋ ಪ್ಲಾಸ್ಟಿಕ್ ಮೀನು. ಬೆಳಗ್ಗೆ ಹನ್ನೊಂದಕ್ಕೆ ಕೂತೋರು ಮಧ್ಯಾಹ್ನ ಮೂರೂವರೆವರೆಗೂ ಕೂತೇ ಇದ್ವಿ, ಬೆಂಡು ಒಂದ್ಸಲ ಅಲ್ಲಾಡ್ಲಿಲ್ಲ, ಒಬ್ಬನ ಕತ್ತಿನ ಹಿಂಭಾಗ ಬಿಸ್ಲಿಗೆ ಸುಟ್ಟು ಬದನೆಕಾಯಿ ಆಗಿತ್ತು. ಆಗ ತೆಪ್ಪ ದಡಕ್ಕೆ ಎಳೀತಿದ್ದ ಒಬ್ರು ಯಜಮಾನ್ರು, ಅರವತ್ತೈದು ಎಪ್ಪತ್ತರ ಹತ್ರ ಇರಬೇಕು, ನಮ್ಮನ್ನ ನೋಡಿ ನಕ್ರು. "ಏನ್ರಪ್ಪಾ, ಈ ಬಿಸ್ಲಾಗೆ ನೀವೇ ಉಣ್ಣಂಗಿಲ್ಲ, ಮೀನು ಉಣ್ತಾವೇನು?"

ತಮಾಷೆಗೆ ಅಂದಿದ್ದು ಅನ್ಕೊಂಡ್ವಿ. ಆದ್ರೆ ವಾಪಸ್ ಬಂದ್ಮೇಲೆ ಓದ್ತಾ ಹೋದ್ರೆ ಮೀನಿನ ದಿನಚರೀಲಿ ಎಷ್ಟೋ ವಿಷ್ಯ ಕೊನೆಗೆ ಉಸಿರಾಟಕ್ಕೇ ಬಂದು ನಿಲ್ಲುತ್ತೆ. ನಮಗೆ ಉಸಿರು ಪುಕ್ಕಟೆ, ಅದರ ಬಗ್ಗೆ ಯೋಚ್ನೇನೇ ಮಾಡಲ್ಲ. ಒಂದು ಲೀಟರ್ ಗಾಳೀಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇರುತ್ತೆ. ಅದೇ 30 ಡಿಗ್ರಿ ಬಿಸಿ ಇರೋ ಒಂದು ಲೀಟರ್ ಕೆರೆ ನೀರಲ್ಲಿ ಗಾಳಿಯಿಂದ ಕರಗಿ ನಿಲ್ಲೋದು ಏಳೂವರೆ ಮಿಲಿಗ್ರಾಂ ಮಾತ್ರ. ಅದೂ ಗಾಳಿಗಿಂತ 800 ಪಟ್ಟು ದಟ್ಟವಾಗಿರೋ ನೀರನ್ನ ಬಾಯಿಂದ ಎಳ್ಕೊಂಡು ಕಿವಿರಿಂದ ಆಚೆ ತಳ್ಳಿ ತಳ್ಳಿ ಸಂಪಾದಿಸ್ಬೇಕು. ಇಡೀ ದಿನ ನೀರು ತುಂಬಿದ ಬಿಂದಿಗೆ ಹೊತ್ಕೊಂಡು ಮಹಡಿ ಹತ್ತಿ ಇಳಿಯೋ ಥರದ ಕೆಲ್ಸ ಅದು.

ಬಿಸಿ ಏರಿದ್ರೆ ಎರಡು ಕಡೆಯಿಂದಲೂ ಹೊಡ್ತ. 20 ಡಿಗ್ರೀಲಿ ನೀರು 9 ಮಿಲಿಗ್ರಾಂ ಹಿಡ್ಕೊಂಡ್ರೆ 30ರಲ್ಲಿ ಏಳೂವರೆಗೆ ಇಳಿಯುತ್ತೆ, ಆದ್ರೆ ಮೀನು ತಣ್ಣನೆ ರಕ್ತದ ಪ್ರಾಣಿ ಆಗಿರೋದ್ರಿಂದ ನೀರು ಬಿಸಿಯಾದಷ್ಟೂ ಅದರ ಮೈಯೊಳಗಿನ ಇಂಜಿನ್ ಜೋರಾಗಿ ಓಡುತ್ತೆ, ಹತ್ತು ಡಿಗ್ರಿ ಏರಿದ್ರೆ ಆಕ್ಸಿಜನ್ ಬೇಡಿಕೆ ಹೆಚ್ಚುಕಡಿಮೆ ಡಬಲ್ ಆಗುತ್ತೆ. ಸಂಬಳ ಕಮ್ಮಿಯಾದ ತಿಂಗಳೇ ಬಾಡಿಗೆ ಜಾಸ್ತಿ ಮಾಡ್ದಂಗೆ. ಇದರ ಮೇಲೆ ತಿಂದಿದ್ದು ಅರಗಿಸೋದಕ್ಕೂ ಆಕ್ಸಿಜನ್ ಬೇಕು, ಹೊಟ್ಟೆ ತುಂಬಿದ ಮೀನಿಗೆ ಖಾಲಿ ಹೊಟ್ಟೆ ಮೀನಿಗಿಂತ ಉಸಿರು ಜಾಸ್ತಿ ಬೇಕಾಗುತ್ತೆ. ಹಾಗಾಗಿ ಉಸಿರಿಗೆ ಕಷ್ಟ ಇರೋ ಹೊತ್ತಲ್ಲಿ ಊಟ ಬಿಡೋದು ಮೀನಿನ ಲೆಕ್ಕದಲ್ಲಿ ಜಾಣತನ.

ಇಲ್ಲಿ ಒಂದು ಮಾತು ಹೇಳ್ಬೇಕು, ಮಧ್ಯಾಹ್ನ ಕೆರೇಲಿ ಆಕ್ಸಿಜನ್ನೇ ಇರಲ್ಲ ಅಂತೇನಿಲ್ಲ. ಹಸಿರುಗಟ್ಟಿದ ಕೆರೇಲಿ ಪಾಚಿ ಬಿಸ್ಲಿಗೆ ಆಕ್ಸಿಜನ್ ತಯಾರು ಮಾಡ್ತಾನೇ ಇರುತ್ತೆ, ಮೇಲಿನ ಪದರದಲ್ಲಿ ಮಧ್ಯಾಹ್ನ ಮೂರಕ್ಕೆ ಬೇಕಾದಷ್ಟು ಇರಬಹುದು. ಆದ್ರೆ ಅಲ್ಲೇ ಬಿಸಿ, ಅಲ್ಲೇ ಕಣ್ಣು ಕುಕ್ಕೋ ಬೆಳಕು (ಮೀನಿಗೆ ರೆಪ್ಪೆ ಇಲ್ಲ, ಪಾಪ), ಅಲ್ಲೇ ನೀರುಕಾಗೆ ಕಾಟ. ಕೆಳಗೆ ತಂಪು ಇದೆ, ಆದ್ರೆ ಗಾಳಿ ಬೀಸದ ದಿನ ಬಿಸಿ ನೀರು ಎಣ್ಣೆ ಥರ ಮೇಲೇ ಕೂತು ಕೆಳಗಿನ ನೀರಿಗೆ ಹೊಸ ಆಕ್ಸಿಜನ್ ಮುಟ್ಟಲ್ಲ. ಕಾಟ್ಲಾ ಮೀನಿಗೆ ಊಟವಾಗೋ ಸಣ್ಣ ಸಣ್ಣ ತೇಲುಜೀವಿಗಳೂ ಹಗಲು ಆಳಕ್ಕೆ ಇಳಿದು ರಾತ್ರಿ ಮೇಲೆ ಬರ್ತವೆ. ಅಂದ್ರೆ ಮಧ್ಯಾಹ್ನ ಮೀನು ಎಲ್ಲೋ ನಡುವೆ, ಜೊಂಡಿನ ನೆರಳಲ್ಲಿ, ಕಿವಿರು ಮಾತ್ರ ಆಡಿಸ್ಕೊಂಡು ಸುಮ್ನಿರುತ್ತೆ. ನಾವು ದಡದಲ್ಲಿ ನಾಲ್ಕೂವರೆ ತಾಸು ತಪಸ್ಸು ಮಾಡಿದ್ದು ಆ ಹೊತ್ತಿಗೇ.

ಸ್ಪೀಕರ್ ಹಾಕಿದ್ದಕ್ಕೆ ಮೀನು ಓಡಿಹೋಯ್ತು ಅಂತ ಇಬ್ರು ಜಗಳ ಆಡಿದ್ರು. ಗಾಳೀಲಿರೋ ಸದ್ದು ಬಹುಪಾಲು ನೀರಿನ ಮೇಲ್ಮೈಗೆ ಬಡಿದು ವಾಪಸ್ ಹೋಗುತ್ತೆ, ಹಾಡಿಗಿಂತ ದಡದ ಮೇಲೆ ದಬದಬ ಓಡಾಡೋದೇ ಅಪಾಯ, ನೆಲದ ಅದುರು ನೇರ ನೀರಿಗೆ ಇಳಿಯುತ್ತೆ. ಅದ್ರಲ್ಲೂ ಕಾಟ್ಲಾ, ರೋಹು, ಗೆಂಡೆ ಇವುಕ್ಕೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಕಿವಿವರೆಗೆ ಪುಟ್ಟ ಮೂಳೆಗಳ ಸರಪಳಿನೇ ಇದೆ, ಒಳ್ಳೆ ಕಿವಿ. ಸ್ಪೀಕರ್ ತಂದೋನು ಇದನ್ನ ಓದಿ ಖುಷಿ ಪಡ್ಲಿ.

ಸಂಜೆ ಆರರ ಮೇಲೆ ಎರೆಹುಳ ಸಿಕ್ಕಿಸಿ ಬಿಟ್ವಿ, ಪ್ಲಾಸ್ಟಿಕ್ ಮೀನು ಬ್ಯಾಗಿಗೆ ಹೋಯ್ತು. ಅರ್ಧ ತಾಸಲ್ಲಿ ಮೂರು ಜಿಲೇಬಿ ಬಿದ್ವು. ಜಿಲೇಬಿ ಅಂದ್ರೆ ತಿಲಾಪಿಯಾ, ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದ್ರು, ಈಗ ಯಾವ ಕೆರೆಗೆ ಹೋದ್ರೂ ಅದೇ ಮೊದ್ಲು ಸಿಗೋದು. ಇದು ಮೊಟ್ಟೆ ಮರಿ ಎಲ್ಲ ತಾಯಿ ಬಾಯೊಳಗೇ ಇಟ್ಕೊಂಡು ಸಾಕುತ್ತೆ, ಬಾಯಲ್ಲೇ ಮೊಟ್ಟೆ ಹೊರಳಿಸಿ ಹೊರಳಿಸಿ ಹೊಸ ನೀರು ತಾಗೋ ಹಂಗೆ ಮಾಡುತ್ತೆ. ಅಲ್ಲೂ ಆಕ್ಸಿಜನ್ನೇ ವಿಷ್ಯ, ನೋಡಿ.

ಯಜಮಾನ್ರು ಮೀನು ಕ್ಲೀನ್ ಮಾಡ್ಕೊಡ್ತೀನಿ ಅಂತ ಕೂತ್ರು, ನಾನು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡಿದ್ದೆ. ಕಿವಿರಿನ ಮುಚ್ಚಳ ಎತ್ತಿದ್ರೆ ಒಳಗೆ ಒಂದರ ಹಿಂದೆ ಒಂದು ನಾಲ್ಕು ಕಮಾನು, ಪ್ರತಿ ಕಮಾನಿಗೂ ಬಾಚಣಿಗೆ ಹಲ್ಲಿನ ಥರ ಕಡುಕೆಂಪು ಎಳೆಗಳ ಸಾಲು. ಅವ್ರು ಒಂದನ್ನ ಕತ್ತರಿಸಿ ನನ್ನ ಅಂಗೈಗೆ ಹಾಕಿದ್ರು. ಕೈ ಮೇಲೆ ಅದು ಒದ್ದೆ ಕೂದಲಿನ ಗಂಟು, ಎಲ್ಲ ಒಂದಕ್ಕೊಂದು ಅಂಟ್ಕೊಂಡು ಮುದ್ದೆ. ಪಕ್ಕದ ಬಕೆಟ್ ನೀರಿಗೆ ಅದ್ದಿದೆ, ತಕ್ಷಣ ಎಳೆ ಎಳೆ ಬಿಡಿಸ್ಕೊಂಡು ನವಿಲುಗರಿ ಥರ ಹರಡ್ತು. ಎತ್ತಿದೆ, ಮತ್ತೆ ಮುದ್ದೆ. ನಾಲ್ಕೈದು ಸಲ ಹಂಗೇ ಮಾಡ್ದೆ. ನೀರಿಂದ ಆಚೆ ತೆಗೆದ ಮೀನು ಯಾಕೆ ಉಸಿರುಕಟ್ಟಿ ಸಾಯುತ್ತೆ, ಗಾಳೀಲಿ ಅಷ್ಟೊಂದು ಆಕ್ಸಿಜನ್ ಇದೆಯಲ್ಲ ಅನ್ನೋ ನನ್ನ ಶಾಲೆ ದಿನದ ಪ್ರಶ್ನೆಗೆ ಉತ್ತರ ಅಂಗೈ ಮೇಲೇ ಇತ್ತು. ಗಾಳೀಲಿ ಎಳೆಗಳು ಕುಸಿದು ಅಂಟಿಬಿಡ್ತವೆ, ಆಕ್ಸಿಜನ್ ಒಳಗೆ ಹೋಗೋಕೆ ಜಾಗಾನೇ ಉಳಿಯಲ್ಲ.

ಆ ಎಳೆಗಳ ಒಳಗಿನ ಏರ್ಪಾಡು ಇನ್ನೂ ಚೆಂದ. ನೀರು ಒಂದು ದಿಕ್ಕಿಗೆ ಹರಿದ್ರೆ ಎಳೆಯೊಳಗಿನ ರಕ್ತ ಉಲ್ಟಾ ದಿಕ್ಕಿಗೆ. ಸಂತೆ ಲೆಕ್ಕದಲ್ಲಿ ಹೇಳೋದಾದ್ರೆ, ಬೆಳಗ್ಗೆ ತಾಜಾ ಸೊಪ್ಪು ಇರುವಾಗ ಆಗಲೇ ಚೀಲ ಮುಕ್ಕಾಲು ತುಂಬಿರೋ ಗಿರಾಕಿ ಬಂದು ಇನ್ನೊಂದೆರಡು ಕಟ್ಟು ತಗೋತಾನೆ, ಸಂತೆ ಮುಗಿಯೋ ಹೊತ್ತಿಗೆ ಉಳಿದ ಬಾಡಿದ ಸೊಪ್ಪಿಗೂ ಪೂರ್ತಿ ಖಾಲಿ ಚೀಲದವನು ಒಬ್ಬ ಕಾದಿರ್ತಾನೆ. ಆಕ್ಸಿಜನ್ ಕಮ್ಮಿಯಾದ ನೀರಿಗೂ ಅದಕ್ಕಿಂತ ಕಮ್ಮಿ ಇರೋ ರಕ್ತ ಎದುರಾಗ್ತಾನೇ ಹೋಗೋದ್ರಿಂದ ಎಲ್ಲೂ ವ್ಯಾಪಾರ ನಿಲ್ಲಲ್ಲ. ಹೀಗೆ ಕೆಲವು ಮೀನು ನೀರಲ್ಲಿರೋ ಆಕ್ಸಿಜನ್ನಲ್ಲಿ 80 ಪರ್ಸೆಂಟ್‌ವರೆಗೂ ಎಳ್ಕೋತವೆ. ನಮ್ಮ ಶ್ವಾಸಕೋಶ ಒಳಗೆ ತಗೊಂಡ ಆಕ್ಸಿಜನ್ನಲ್ಲಿ ಕಾಲು ಭಾಗ ಬಳಸಿ ಉಳಿದಿದ್ದು ಆಚೆ ಬಿಡುತ್ತೆ, ನಮಗೆ ದಂಡಿಯಾಗಿದೆ ಅಂತ ಅಷ್ಟು ದೌಲತ್ತು.

ಸಾರು ಮಾಡಿದ್ದು ಯಜಮಾನ್ರ ಮನೆಯಿಂದ ತಂದ ಖಾರದಲ್ಲಿ. ಕೆರೆ ಮೀನಿಗೆ ಒಂಥರಾ ಮಣ್ಣು ವಾಸ್ನೆ ಇರುತ್ತಲ್ಲ, ಅದಕ್ಕೆ ಜಿಯೋಸ್ಮಿನ್ ಅನ್ನೋ ಪದಾರ್ಥ ಕಾರಣ, ನೀಲಿ-ಹಸಿರು ಪಾಚಿ ಮತ್ತೆ ಕೆಲವು ಬ್ಯಾಕ್ಟೀರಿಯಾ ತಯಾರು ಮಾಡೋದು. ಮೊದಲ ಮಳೆ ಬಿದ್ದಾಗ ಮಣ್ಣಿಂದ ಏಳೋ ಘಮದಲ್ಲಿ ಇರೋದೂ ಅದೇ, ಅಲ್ಲಿ ಆಹಾ ಅಂತೀವಿ, ಮೀನಲ್ಲಿ ಮೂಗು ಮುರೀತೀವಿ. ಹುಳಿ ಬಿದ್ರೆ ಈ ಜಿಯೋಸ್ಮಿನ್ ಒಡೆದು ವಾಸ್ನೆ ಹೋಗುತ್ತೆ, ಹುಣಸೆಹಣ್ಣು ಹಾಕಿ ಮೀನು ನೆನೆಸಿಡೋ ಅಜ್ಜಿಯಂದ್ರು ಇದನ್ನ ಯಾವ ಲ್ಯಾಬಲ್ಲೂ ಕಲೀಲಿಲ್ಲ. ಸಾರಿನ ಬಗ್ಗೆ ಇನ್ನು ಬರೆಯಲ್ಲ, ಈಗ್ಲೇ ಹಸಿವಾಗ್ತಿದೆ.

ಬೆಳಗಿನ ಜಾವ ಐದೂವರೆಗೆ ಎಚ್ಚರ ಆಯ್ತು, ಶಿವರಾತ್ರಿ ಆದ್ರೂ ಚಳಿ ಇನ್ನೂ ಶಿವ ಶಿವಾ ಅಂತ ಪೂರ್ತಿ ಹೋಗಿರ್ಲಿಲ್ಲ. ತೋಟದ ಮೂಲೇಲಿ ಕೆರೆ ಒಳಗೆ ಚಾಚಿದ ಜಾಗ ಒಂದಿದೆ, ಗಾಳಿ ಬರಲ್ಲ, ನೀರು ಹಸಿರು, ಸುತ್ತ ಜೊಂಡು. ಅಲ್ಲಿ ಟಾರ್ಚ್ ಬಿಟ್ರೆ ನೀರ ಮೇಲೆಲ್ಲ ದುಂಡು ದುಂಡು ಬಾಯಿ, ಪಚ್ ಪಚ್ ಅಂತ ಸದ್ದು. ಇಷ್ಟೊಂದು ಮೀನು! ಎಲ್ರನ್ನೂ ಎಬ್ಬಿಸಿ, ರಾಗಿ ಹಿಟ್ಟಿನ ಉಂಡೆ ಕಟ್ಟಿ, ಬಾಯಿ ಪಕ್ಕಕ್ಕೇ ಬೀಳೋ ಹಂಗೆ ಆರು ಗಾಳ ಎಸೆದ್ವಿ. ಮುಕ್ಕಾಲು ತಾಸು ಕಳೆದ್ರೂ ಒಂದೂ ಮುಟ್ಲಿಲ್ಲ. ಮೂತಿ ಮುಂದೆ ಉಂಡೆ ತೇಲ್ತಿದ್ರೆ ಪಕ್ಕಕ್ಕೆ ಸರಿದು ಮತ್ತೆ ಬಾಯಿ ಬಿಡ್ತಿತ್ತು. ಇಂಥ ಅವಮಾನ ನನಗೆ ಯಾವ ಇಂಟರ್ವ್ಯೂನಲ್ಲೂ ಆಗಿಲ್ಲ.

ಯಜಮಾನ್ರು ಬೀಡಿ ಹಚ್ಕೊಂಡು ಬಂದು ನಿಂತು ನೋಡಿದ್ರು. "ತಮ್ಮಾ, ಅವು ಉಸಿರಿಗೆ ಬಂದಾವೆ, ಊಟಕ್ಕಲ್ಲ. ಹೊತ್ತು ಏರ್ಲಿ, ಚಾ ಕುಡೀರಿ."

ಅಷ್ಟೇ ಹೇಳಿದ್ದು, ಆದ್ರೆ ಅದ್ರಲ್ಲಿ ಒಂದು ಚಾಪ್ಟರೇ ಇದೆ. ಪಾಚಿ ಹಗಲು ಆಕ್ಸಿಜನ್ ಕೊಡುತ್ತೆ ಸರಿ, ಬೆಳಕು ಹೋದ್ಮೇಲೆ ಅದೂ ಎಲ್ಲರ ಥರ ಉಸಿರಾಡುತ್ತೆ, ಕೊಡೋದು ನಿಂತು ತಗೊಳ್ಳೋದು ಮಾತ್ರ ಉಳಿಯುತ್ತೆ. ಪಾಚಿ, ಮೀನು, ಹೂಳಲ್ಲಿರೋ ಬ್ಯಾಕ್ಟೀರಿಯಾ ಎಲ್ಲ ಸೇರಿ ರಾತ್ರಿಯಿಡೀ ಅದೇ ಡಬ್ಬದಿಂದ ಖರ್ಚು ಮಾಡ್ತವೆ, ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆ ಡಬ್ಬದ ತಳ ಕಾಣುತ್ತೆ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ರೆ ಗೆಂಡೆ ಜಾತಿ ಮೀನು ಆರಾಮಾಗಿರ್ತವೆ, ಎರಡು-ಮೂರಕ್ಕೆ ಇಳಿದ್ರೆ ಮೇಲೆ ಬಂದು ಬಾಯಿ ಬಿಡ್ತವೆ, ಯಾಕಂದ್ರೆ ಗಾಳಿಗೆ ತಾಗಿರೋ ತೆಳ್ಳನೆ ಪದರದಲ್ಲಿ ಮಾತ್ರ ಒಂಚೂರು ಹೊಸ ಆಕ್ಸಿಜನ್ ಕರಗಿರುತ್ತೆ. ನೀರಲ್ಲಿ ಆಕ್ಸಿಜನ್ ತಾನಾಗೇ ಹರಡೋದು ಗಾಳೀಲಿ ಹರಡೋದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ, ಅಲೆ ಎದ್ದು ಕಲಕದೆ ಇದ್ರೆ ಕೆಳಗಿಳಿಯಲ್ಲ. ಮೀನು ಸಾಕೋರು ಅದಕ್ಕೇ ನಡುರಾತ್ರಿ ಆದ್ಮೇಲೆ ಏರೇಟರ್ ಹಾಕಿ ಬೆಳಗಾಗೋವರೆಗೂ ಓಡಿಸೋದು, ಮೀನು ಬಾಯಿ ಬಿಡ್ತಿದ್ರೆ ಆ ಬೆಳಗ್ಗೆ ಮೇವು ಹಾಕದೇ ಇರೋದು.

ಬೆಂಗ್ಳೂರಿನೋರಿಗೆ ಇದರ ವಿಕಾರ ರೂಪ ಗೊತ್ತು. 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ಸಾವಿರಾರು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ವು. ಯಾರೋ ವಿಷ ಹಾಕಿರ್ಬೇಕು ಅಂತ ಇಂಥ ಹೊತ್ತಲ್ಲಿ ಜನ ಮಾತಾಡೋದು ಮಾಮೂಲು, ಆದ್ರೆ ವಿಷ ಬೇಕಾಗಿಲ್ಲ. ಕೊಳಚೆ ನೀರು ಕೆರೆಗೆ ಬಿದ್ರೆ ಅದನ್ನ ತಿಂದು ಬೆಳೆಯೋ ಬ್ಯಾಕ್ಟೀರಿಯಾ ಮೀನಿನ ಪಾಲಿನ ಆಕ್ಸಿಜನ್ನನ್ನೂ ಖಾಲಿ ಮಾಡುತ್ತೆ, ಮೇಲೆ ಬೇಸಿಗೆ, ನೀರು ಕಮ್ಮಿ. ಸೂಳೆಕೆರೆ ಮೂಲೇಲಿ ನಾವು ನೋಡಿದ್ದು ಅದರ ಮೊದಲ ಮೆಟ್ಟಿಲು, ಅಲ್ಲಿ ಸೂರ್ಯ ಬಂದು ದಿನಾ ಬಚಾವ್ ಮಾಡ್ತಾನೆ.

ಏಳೂಕಾಲಿಗೆ ಬಿಸಿಲು ಜೊಂಡಿನ ಮೇಲೆ ಬಿತ್ತು. ಎಂಟರ ಹೊತ್ತಿಗೆ ಸಣ್ಣ ಗಾಳಿ ಎದ್ದು ನೀರು ಸುಕ್ಕುಗಟ್ತು. ನೀರ ಮೇಲಿನ ಬಾಯಿಗಳು ಒಂದೊಂದೇ ಮಾಯ ಆದ್ವು, ಇನ್ನು ಆಯ್ತು ಕತೆ ಅನ್ಕೊಂಡು ಸುತ್ತಿಡೋಕೆ ಹೊರಟಾಗಲೇ ಬೆಂಡು ಒಂದು ಗುಳುಂ ಅಂತ ಒಳಗೆ ಹೋಯ್ತು. ಹತ್ತೂವರೆವರೆಗೆ ಎರಡು ರೋಹು, ಒಂದು ಗೆಂಡೆ, ಲೆಕ್ಕವಿಲ್ದಷ್ಟು ಜಿಲೇಬಿ. ಸಣ್ಣವನ್ನ ವಾಪಸ್ ಬಿಟ್ವಿ, ಕೈ ಒದ್ದೆ ಮಾಡ್ಕೊಂಡು ಹಿಡಿದು, ಎಸೀದೆ, ನೀರೊಳಗೇ ಒಂದೈದು ಸೆಕೆಂಡ್ ಹಿಡ್ಕೊಂಡು ಕಿವಿರು ಆಡೋಕೆ ಶುರುವಾದ್ಮೇಲೆ ಕೈ ಸಡಿಲ ಮಾಡೋದು.

ಹೊರಡೋವಾಗ ಯಜಮಾನ್ರು ಒಂದು ಕೊರವ ಮೀನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕೊಟ್ರು, ಹೋಟೆಲ್‌ನೋರು ಮರಲ್ ಅಂತಾರಲ್ಲ ಅದು. ನಮ್ಮೋನೊಬ್ಬ ಮಕ್ಕಳಿಗೆ ಜೀವಂತ ಮೀನು ತೋರಿಸ್ಬೇಕು ಅಂತ ಒಂದು ರೋಹುವನ್ನ ಬಕೆಟ್ ನೀರಲ್ಲಿ ಹಾಕಿ, ಚೆಲ್ಲದಂಗೆ ಮುಚ್ಚಳ ಬಿಗಿದು, ಡಿಕ್ಕೀಲಿ ಇಟ್ಟಿದ್ದ. ಹಿರಿಯೂರಲ್ಲಿ ಟೀಗೆ ನಿಲ್ಲಿಸಿ ಮುಚ್ಚಳ ತೆಗೆದ್ರೆ ರೋಹು ಮಗ್ಗುಲಾಗಿ ತೇಲ್ತಿತ್ತು, ಬಕೆಟ್ ತುಂಬ ನೀರು ಇತ್ತು, ನೀರಲ್ಲಿ ಉಸಿರು ಖಾಲಿಯಾಗಿತ್ತು. ಕೊರವನಿಗೆ ತಲೆಯೊಳಗೆ ಗಾಳಿ ಹಿಡಿಯೋಕೆ ಬೇರೆ ಕೋಣೆನೇ ಇದೆ, ಅದು ಮೇಲೆ ಬಂದು ಗಾಳಿ ಗುಟುಕರಿಸ್ಲೇಬೇಕು, ಬಿಡದೇ ಇದ್ರೆ ನೀರೊಳಗೇ ಉಸಿರುಕಟ್ಟಿ ಸಾಯುತ್ತೆ. ಗೋಣಿಚೀಲದ ಮೇಲೆ ಒಂದು ಲೋಟ ನೀರು ಚಿಮುಕಿಸಿದೆ, ಒಳಗಿಂದ ದಬ್ ಅಂತ ಬಾಲ ಬಡಿದ ಸದ್ದಿಗೆ ಟೀ ಕೊಡೋಕೆ ಬಂದ ಹುಡುಗ ಲೋಟ ಸಮೇತ ಹಾರಿಬಿದ್ದ.