ಮುಟ್ಟಿಗೆ ಮುಂಚೆ ಶುಗರ್ ಯಾಕೆ ಏರುತ್ತೆ?

"ಸ್ವೀಟ್ ಏನಾದ್ರೂ ತಿಂದ್ಯಾ?" ಅಂತ ಶುಗರ್ ಇರೋ ಎಷ್ಟೋ ಹೆಣ್ಮಕ್ಳು ತಿಂಗಳಿಗೊಂದ್ಸಲ ಬೈಸ್ಕೊಳ್ತಾರೆ. ಅದೇ ಎರಡು ಚಪಾತಿ, ಅದೇ ಪಲ್ಯ, ಅಷ್ಟೇ ಯೂನಿಟ್ ಇನ್ಸುಲಿನ್, ಆದ್ರೂ ಮುಟ್ಟಿಗೆ ನಾಲ್ಕೈದು ದಿನ ಇದೆ ಅನ್ನೋವಾಗ ಬೆಳಿಗ್ಗೆ 130 ಇರ್ತಿದ್ದ ಶುಗರ್ 190 ತೋರಿಸುತ್ತೆ. ಇದು ನಾಲಿಗೆ ಚಪಲ ಅಲ್ಲ, ಹಾರ್ಮೋನ್ ಕೆಲಸ, ಮುಖ್ಯವಾಗಿ ಪ್ರೊಜೆಸ್ಟರಾನ್‌ದು.

ಈ ಹಾರ್ಮೋನಿನ ಕಥೆ ನಂಗೆ ಬಹಳ ಇಷ್ಟ. 1929ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜಾರ್ಜ್ ಕಾರ್ನರ್ ಮತ್ತು ವಿಲ್ಲಾರ್ಡ್ ಆಲೆನ್ ಬಸುರಿ ಮೊಲಗಳ ಅಂಡಾಶಯ ತೆಗೆದ್ರು, ಹಂಗೆ ತೆಗೆದ್ರೆ ಗರ್ಭ ನಿಲ್ಲಲ್ಲ, ಆದ್ರೆ ಅಂಡ ಹೊರಟುಹೋದ ಜಾಗದಲ್ಲಿ ಉಳಿಯೋ ಹಳದಿ ಗಂಟಿದೆಯಲ್ಲ, ಹಂದಿಯಿಂದ ತೆಗೆದ ಆ ಗಂಟಿನ ಸಾರ ಚುಚ್ಚಿದ್ರೆ ಗರ್ಭ ನಿಲ್ತು! ಆ ಸಾರದಲ್ಲಿದ್ದದ್ದೇ ಪ್ರೊಜೆಸ್ಟರಾನ್, ಆ ಹೆಸರಲ್ಲೇ ಗರ್ಭಕ್ಕೋಸ್ಕರ ಅನ್ನೋ ಅರ್ಥ ಇದೆ.

ಅಂಡ ಬಿಡುಗಡೆ ಆದ್ಮೇಲೆ ಸುಮಾರು ಎರಡು ವಾರ ಇದರದ್ದೇ ದರ್ಬಾರು. ಮಗು ನಿಲ್ಲುತ್ತೋ ಇಲ್ವೋ ಗೊತ್ತಿಲ್ಲ, ದೇಹ ಮಾತ್ರ ಪ್ರತಿ ತಿಂಗಳೂ ಲಗ್ನ ನಿಕ್ಕಿ ಆಗೋಕೆ ಮುಂಚೇನೇ ಚಪ್ಪರ ಹಾಕ್ಬಿಡುತ್ತೆ. ಆ ಗಲಾಟೇಲಿ, ರಕ್ತದಲ್ಲಿರೋ ಸಕ್ಕರೆನ ಒಳಗೆ ತಗೊಳ್ಳಿ ಅನ್ನೋ ಇನ್ಸುಲಿನ್ ಮಾತು ಜೀವಕೋಶಗಳಿಗೆ ಸರಿಯಾಗಿ ಕೇಳಲ್ಲ. ಹಾಲಿನವ್ನು ಬೆಲ್ ಹೊಡೀತಾನೆ, ಒಳಗೆ ಮಿಕ್ಸಿ ಓಡ್ತಿದೆ, ಯಾರೂ ಬಾಗಿಲು ತೆಗೆಯಲ್ಲ, ಪ್ಯಾಕೆಟ್ ಬೀದೀಲೇ ಉಳಿಯುತ್ತೆ, ಇಲ್ಲಿ ಬೀದಿ ಅಂದ್ರೆ ರಕ್ತ. ವೋಲ್ಟೇಜ್ ಕಮ್ಮಿ ಇದ್ದಾಗ ಮೋಟ್ರು ಓಡಿದ್ರೂ ನೀರು ಟ್ಯಾಂಕಿಗೆ ಹತ್ತಲ್ವಲ್ಲ, ಅದೂ ಇದೇ ಥರ. ಶುಗರ್ ಕಾಯಿಲೆ ಇಲ್ಲದವ್ರ ಮೇದೋಜೀರಕ ಗ್ರಂಥಿ ಇನ್ನೂ ನಾಲ್ಕು ಜನ ಹಾಲಿನವ್ರನ್ನ ಕಳಿಸಿ ಸರಿಮಾಡ್ಕೊಳ್ಳುತ್ತೆ, ಅವ್ರಿಗೆ ಗೊತ್ತೂ ಆಗಲ್ಲ. ಟೈಪ್ 1, ಅಂದ್ರೆ ದೇಹದಲ್ಲಿ ಇನ್ಸುಲಿನ್ನೇ ಹೆಚ್ಚುಕಮ್ಮಿ ತಯಾರಾಗದ ಥರದ ಶುಗರ್ ಕಾಯಿಲೆ ಇದ್ದೋರಿಗೆ ಸಿರಿಂಜಲ್ಲಿ ಎಷ್ಟು ಹೋಯ್ತೋ ಅಷ್ಟೇ.

ನಂಗೆ ಜಾಸ್ತಿ ಭಯ ಇರೋದು ಆಮೇಲಿನ ದಿನಗಳ ಬಗ್ಗೆ. ಮುಟ್ಟು ಶುರುವಾಗೋ ಹೊತ್ತಿಗೆ ಹಾರ್ಮೋನ್ ಇಳಿದಿರುತ್ತೆ, ಮಿಕ್ಸಿ ನಿಂತಂಗೆ, ಮುಟ್ಟಿಗೆ ಮುಂಚೆ ಶುಗರ್ ಏರಿತು ಅಂತ ಏರಿಸಿದ್ದ ಇನ್ಸುಲಿನ್ ಡೋಸನ್ನೇ ಈಗಲೂ ಮುಂದುವರಿಸಿದ್ರೆ ಶುಗರ್ ಧಡಕ್ಕಂತ ಬೀಳಬಹುದು, ನಡುರಾತ್ರಿ ಬೆವರು, ಕೈನಡುಕ. ಎಲ್ಲರಿಗೂ ಹಿಂಗಾಗಲ್ಲ, ಕೆಲವ್ರಿಗೆ ಏನೂ ವ್ಯತ್ಯಾಸ ಇರಲ್ಲ, ಆದ್ರಿಂದ ಪಕ್ಕದ್ಮನೆಯವ್ರ ಡೋಸ್ ನೋಡಿ ಬದಲಾಯಿಸ್ಬೇಡಿ.

ಇನ್ನೊಂದು ಮಾತು. ಹಬ್ಬ, ಪೂಜೆ, ಗೃಹಪ್ರವೇಶ ಅಂತ ಮುಟ್ಟು ಮುಂದೂಡೋಕೆ ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಇರೋದು ನೊರೆಥಿಸ್ಟರಾನ್, ಪ್ರೊಜೆಸ್ಟರಾನ್ ಥರಾನೇ ಕೆಲಸ ಮಾಡೋ ಔಷಧಿ. ಶುಗರ್ ಇರೋರು ಡಾಕ್ಟರನ್ನ ಕೇಳದೆ ತಗೊಳ್ಳೋದು ಖಂಡಿತ ಬೇಡ. ಮುಟ್ಟಾದೋಳು ದೇವರ ಮನೆಗೆ ಹೋಗ್ಬಾರ್ದು ಅನ್ನೋ ನಂಬಿಕೆಗೆ ಆರೋಗ್ಯ ಯಾಕೆ ಕೆಡಿಸ್ಕೋಬೇಕು?

ಎಚ್‌ಬಿಎ1ಸಿ ಟೆಸ್ಟಲ್ಲಿ ಈ ಏರಿಳಿತ ಕಾಣಲ್ಲ, ಅದು ಎರಡ್ಮೂರು ತಿಂಗಳ ಸರಾಸರಿ. ಶುಗರ್ ಬರೆಯೋ ಡೈರೀಲೇ ಮುಟ್ಟಿನ ಮೊದಲ ದಿನಾನೂ ಗುರುತು ಹಾಕಿ, ಮೂರು ತಿಂಗಳಾದ್ಮೇಲೆ ಡಾಕ್ಟರ ಮುಂದಿಡಿ. ಅವ್ರು ಗಂಡಸಾಗಿದ್ರೂ ಸರಿ, ಜೊತೇಲಿ ಅಪ್ಪ ಕೂತಿದ್ರೂ ಸರಿ, ಮುಟ್ಟಿನ ತಾರೀಕು ಬಾಯ್ಬಿಟ್ಟು ಹೇಳಿ.