ಪೆನ್‌ಡ್ರೈವ್ ಬರೀ ಸೊಳ್ಳೆ

ಅಣ್ಣನ ಮಗಳು ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದಳು. ಮನೆಯಲ್ಲಿ ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಒಂದೊಂದೂ ಒಂದೆರಡು ಕೆಬಿ ಅಷ್ಟೇ. ಸುಮ್ನಿರದೆ ಅದನ್ನೇ ಒತ್ತಿದ್ದಾಳೆ. ಆಮೇಲೆ ಮೂರು ಸಲ ಫಾರ್ಮ್ಯಾಟ್ ಮಾಡಿದರೂ ಮತ್ತೆ ಮತ್ತೆ ಅದೇ. "ಚಿಕ್ಕಪ್ಪ, ಪೆನ್‌ಡ್ರೈವೇ ಹಾಳಾಗಿದೆ, ಹೊಸದು ತಗೊಳ್ಳೋಣ" ಅಂದಳು.

ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಸೊಳ್ಳೆ ಕಚ್ಚಿ ಮಲೇರಿಯಾ ಬಂದವನು ಸೊಳ್ಳೆಗೆ ಮಾತ್ರೆ ಕೊಟ್ಟ ಹಾಗಾಯಿತು. ಜ್ವರ ಇರುವುದು ಲ್ಯಾಪ್‌ಟಾಪಿಗೆ.

ಇದು ಶಾರ್ಟ್‌ಕಟ್ ವೈರಸ್. ಅದರ ಕಿತಾಪತಿ ನೋಡಿ. ನಿಮ್ಮ ಫೈಲುಗಳನ್ನು ಅದು ಅಳಿಸುವುದೇ ಇಲ್ಲ. ಅವಕ್ಕೆ 'ಹಿಡನ್' ಮತ್ತು 'ಸಿಸ್ಟಮ್' ಎಂಬ ಎರಡು ಗುರುತು ಹಚ್ಚಿ ಮರೆ ಮಾಡುತ್ತದೆ. ಆ ಜಾಗದಲ್ಲಿ ಅದೇ ಹೆಸರಿನ, ಅದೇ ಹಳದಿ ಫೋಲ್ಡರ್ ಚಿತ್ರದ ಶಾರ್ಟ್‌ಕಟ್ ಇಡುತ್ತದೆ. ಶಾರ್ಟ್‌ಕಟ್ ಅಂದರೆ ಒಂದು ಚೀಟಿ, 'ಇಂಥದ್ದನ್ನು ನಡೆಸು' ಅಂತ ಬರೆದಿರುವ ಚೀಟಿ. ಇದರಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಬರೆದಿರುತ್ತದೆ: ಮೊದಲು ಅಡಗಿರುವ ಸ್ಕ್ರಿಪ್ಟ್ (ವೈರಸ್ಸಿನ ಪುಟ್ಟ ಪ್ರೋಗ್ರಾಂ) ನಡೆಸು, ಆಮೇಲೆ ಅಸಲಿ ಫೋಲ್ಡರ್ ತೆರೆ. ಫೋಲ್ಡರ್ ತೆರೆಯಿತಲ್ಲ, ನಿಮಗೆ ಅನುಮಾನವೇ ಬರುವುದಿಲ್ಲ. ವಾಚ್‌ಮನ್ ವೇಷದಲ್ಲಿ ಬಂದ ಕಳ್ಳ ಬೀಗದ ಕೈಯ ಅಚ್ಚು ತೆಗೆದುಕೊಂಡು, ನಮಸ್ಕಾರ ಹೇಳಿ ನಿಮ್ಮನ್ನೇ ಮನೆಯೊಳಗೆ ಬಿಟ್ಟ ಹಾಗೆ. ಫೈಲಿನ ಬಾಲ (ಹೆಸರಿನ ಕೊನೆಗೆ ಬರುವ .docx, .lnk ಥರದ ಗುರುತು) ತೋರಿಸು ಅಂತ ವಿಂಡೋಸ್‌ಗೆ ಹೇಳಿದರೂ ಶಾರ್ಟ್‌ಕಟ್‌ನ ಬಾಲ ಮಾತ್ರ ಅದು ತೋರಿಸುವುದಿಲ್ಲ. ಮೂಲೆಯ ಪುಟ್ಟ ಬಾಣವೇ ಗುರುತು.

ಇದಾದರೂ ಒತ್ತಿದರೆ ಮಾತ್ರ ಅಂಟುತ್ತದೆ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ಹುಳುವಿಗೆ ಅದೂ ಬೇಕಿರಲಿಲ್ಲ. ಶಾರ್ಟ್‌ಕಟ್‌ನ ಐಕಾನ್ ಪರದೆ ಮೇಲೆ ಕಂಡರೆ ಸಾಕಿತ್ತು! ಇರಾನಿನ ನತಾಂಜ್‌ನ ಯುರೇನಿಯಂ ಘಟಕದ ಯಂತ್ರಗಳನ್ನು ಕೆಡಿಸಿದ್ದು ಅದೇ. ಆ ತೂತಿಗೆ ಮೈಕ್ರೋಸಾಫ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ತೇಪೆ ಹಾಕಿತು.

ಪೆನ್‌ಡ್ರೈವ್ ಪಕ್ಕಕ್ಕಿಟ್ಟು ಮೊದಲು ಅವಳ ಲ್ಯಾಪ್‌ಟಾಪ್ ಹಿಡಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಬ್ಲ್ಯುಸ್ಕ್ರಿಪ್ಟ್ ಓಡುತ್ತಾ ಕೂತಿತ್ತು. ಅದು ಸ್ಕ್ರಿಪ್ಟ್ ನಡೆಸುವ ವಿಂಡೋಸ್‌ನದೇ ಪ್ರೋಗ್ರಾಂ, ಪಾಪ, ದುಡಿಯುತ್ತಿದ್ದುದು ಬೇರೆಯವರಿಗೆ. ಅದನ್ನು ನಿಲ್ಲಿಸಿದೆ. ಸ್ಟಾರ್ಟಪ್ ಪಟ್ಟಿಯಲ್ಲಿದ್ದ ಗುರುತಿಲ್ಲದ ಸ್ಕ್ರಿಪ್ಟ್ ಕಿತ್ತೆ. ಇದನ್ನು ಬಿಟ್ಟರೆ ನಾಳೆ ಲ್ಯಾಪ್‌ಟಾಪ್ ಆನ್ ಮಾಡಿದಾಗ ಮತ್ತೆ ಎದ್ದು ಕೂರುತ್ತದೆ. ಪೂರ್ತಿ ಸ್ಕ್ಯಾನ್ ಮುಗಿದ ಮೇಲೆ, ಪರೀಕ್ಷೆಗೆಂದೇ ಅಂಗಡಿಯ ಕಂಪ್ಯೂಟರಿಗೆ ಇನ್ನೊಮ್ಮೆ ಚುಚ್ಚಿಸಿ ತಂದ ಪೆನ್‌ಡ್ರೈವ್ ಹಾಕಿದೆವು. ಶಾರ್ಟ್‌ಕಟ್‌ಗಳನ್ನು ಒತ್ತದೆ ಅಳಿಸಿದೆವು. ಪ್ರಾಪರ್ಟೀಸ್‌ಗೆ ಹೋಗಿ 'ಹಿಡನ್' ತೆಗೆಯೋಣ ಅಂದರೆ ಆ ಚೌಕ ಮಸುಕಾಗಿದೆ, ಟಿಕ್ ಹೋಗುವುದೇ ಇಲ್ಲ. 'ಸಿಸ್ಟಮ್' ಗುರುತು ಅದನ್ನು ಹಿಡಿದಿಟ್ಟಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅಟ್ರಿಬ್ ಅಂತ ಬರೆದು ಮೈನಸ್ ಎಚ್, ಮೈನಸ್ ಎಸ್ ಎರಡನ್ನೂ ಒಟ್ಟಿಗೇ ಕೊಡಬೇಕು. ಕೊಟ್ಟೆವು, ಫೋಲ್ಡರ್‌ಗಳು ಪುಳಕ್ಕನೆ ಬಂದವು.

ಸೊಳ್ಳೆ ಅಂದೆನಲ್ಲ, ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿ ಕಂಡವನು. ಅದಕ್ಕೂ ಮೊದಲು, 1883ರಲ್ಲಿ, ಬೆಂಗಳೂರಿನಲ್ಲಿದ್ದಾಗಲೇ ನಿಂತ ನೀರು ತೆಗೆದರೆ ಸೊಳ್ಳೆ ಕಡಿಮೆಯಾಗುತ್ತದೆ ಅನ್ನುವುದು ಅವನ ಗಮನಕ್ಕೆ ಬಂದಿತ್ತು. ನಮ್ಮ ಕಥೆಯಲ್ಲಿ ನಿಂತ ನೀರು ಆ ಅಂಗಡಿಯ ಕಂಪ್ಯೂಟರ್. ಆಯುಧಪೂಜೆಯ ಕುಂಕುಮ ಇನ್ನೂ ಅದರ ಮೇಲಿದೆ. ವೈರಸ್ ಇದೆ ಅಂತ ಹೋಗಿ ಹೇಳಿದೆ.

"ನಮ್ಮದರಲ್ಲಿ ಇಲ್ಲ ಸಾರ್, ನಿಮ್ಮ ಪೆನ್‌ಡ್ರೈವೇ ಸರಿ ಇಲ್ಲ" ಅಂದರು.